ಇಎಸ್‌ಎಲ್ ಕ್ಲಾಸು ಆರಿಸಿಕೊಟ್ಟ ಹನ್ನೊಂದು ಸಾಲಿನ ಪಟ್ಟಿ

ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯದಲ್ಲೇ ನಾನು ವಿಮಾನ ಹತ್ತಿದ್ದು. ಅರಸೀಕೆರೆ ಕಡೆಯ ನಮ್ಮೂರಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸನದಲ್ಲಿ ಬಿ.ಕಾಂ. ಇಂಗ್ಲಿಷ್ ಪೇಪರ್ ಓದಿದರೆ ಅರ್ಥವಾಗುತ್ತಿತ್ತು, ವ್ಯಾಕರಣದಲ್ಲಿ ಒಳ್ಳೆಯ ಮಾರ್ಕ್ಸ್ ಬರುತ್ತಿತ್ತು. 2022ರ ಆಗಸ್ಟ್ ಮೊದಲ ವಾರ ಮೂರು ವರ್ಷದ ಮಗಳನ್ನು ಕರೆದುಕೊಂಡು ಎಚ್-4 ವೀಸಾದಲ್ಲಿ (ಅಲ್ಲಿ ಕೆಲಸದ ವೀಸಾದಲ್ಲಿ ಇರುವವರ ಗಂಡ-ಹೆಂಡತಿ, ಮಕ್ಕಳಿಗೆ ಕೊಡುವುದು) ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾಕ್ಕೆ ಬಂದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಫೋನ್ ರಿಂಗಾದರೆ ಮನೆಯವರ ಕೈಗೆ ಕೊಡುವ ಸ್ಥಿತಿಗೆ ಬಂದಿದ್ದೆ.

ಕೆಳಗಿನ ಮನೆಯ ಅಕ್ಕ ಹೇಳಿದರು: "ಕಮ್ಯುನಿಟಿ ಕಾಲೇಜಲ್ಲಿ ಇಎಸ್‌ಎಲ್ ಇದೆ, ಸೇರ್ಕೋ. ಎಚ್-4 ಇದ್ದರೆ ಓದೋಕೆ ಬೇರೆ ವೀಸಾ ಬೇಕಾಗಲ್ಲ." ಕಮ್ಯುನಿಟಿ ಕಾಲೇಜು ಅಂದರೆ ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಸಾರ್ವಜನಿಕ ಕಾಲೇಜು. ಇಂಗ್ಲಿಷ್ ಮನೆಮಾತಲ್ಲದವರಿಗೆ ನಡೆಸುವ ತರಗತಿಗಳಿಗೆ ಇಎಸ್‌ಎಲ್ ಅನ್ನುತ್ತಾರೆ. ಅಕ್ಕ ಹೇಳಿದ ಎರಡೂ ಮಾತು ನಿಜ. ಆದರೆ ಕಾಲೇಜಿನ ಪಟ್ಟಿ ತೆರೆದರೆ ಇಎಸ್‌ಎಲ್ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ತರಗತಿ. ಯಾವುದಕ್ಕೆ ಸೇರಬೇಕು ಎನ್ನುವುದು ತಿಳಿಯದೆ ನಾನು ಏಳು ತಿಂಗಳು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ, ಏಕೆಂದರೆ ಬಹಳ ಜನ ಅಲ್ಲೇ ನಿಂತುಬಿಡುತ್ತಾರೆ. ಇಲ್ಲಿ ತರಗತಿಗಳಲ್ಲಿ ಎರಡು ಜಾತಿ, ಕ್ರೆಡಿಟ್ ಮತ್ತು ನಾನ್‌ಕ್ರೆಡಿಟ್. ಕ್ರೆಡಿಟ್ ತರಗತಿಗೆ ಅಂಕ, ಗ್ರೇಡ್ ಎಲ್ಲ ಉಂಟು, ಮುಂದೆ ಡಿಗ್ರಿ ಕಡೆಗೆ ಹೋಗುವವರಿಗೆ ಅದೇ ದಾರಿ. ತರಗತಿಯ ಗಾತ್ರವನ್ನು ಯುನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಕ್ಯಾಲಿಫೋರ್ನಿಯಾದ ನಿವಾಸಿ ಎಂದು ಕಾಲೇಜು ಒಪ್ಪಿದವರಿಗೆ ಯುನಿಟ್ಟಿಗೆ 46 ಡಾಲರ್. ಒಪ್ಪದಿದ್ದರೆ ಸಾಮಾನ್ಯವಾಗಿ ಹೊರಗಿನವರ ಶುಲ್ಕ ಸೇರಿ ಯುನಿಟ್ಟಿಗೆ 300 ಡಾಲರಿಗೂ ಮೇಲೆ. ಅಂದರೆ ನಾಲ್ಕು ಯುನಿಟ್ಟಿನ ಒಂದೇ ತರಗತಿಗೆ ಒಬ್ಬರು 184 ಡಾಲರ್ ಕೊಟ್ಟರೆ, ಪಕ್ಕದ ಬೆಂಚಿನವರು 1,200ಕ್ಕಿಂತ ಹೆಚ್ಚು ಕೊಟ್ಟಿರುತ್ತಾರೆ. ನಾನ್‌ಕ್ರೆಡಿಟ್‌ಗೆ ಶುಲ್ಕವೇ ಇಲ್ಲ. ಎಚ್-4ನವರು ಕೂಡ ನಿವಾಸಿ ಅನ್ನಿಸಿಕೊಳ್ಳಬಹುದು. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ರಾಜ್ಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದಿರಬೇಕು, ಇಲ್ಲೇ ನೆಲೆಸುವ ಉದ್ದೇಶಕ್ಕೂ ಅಷ್ಟೇ ಹಳೆಯ ಪುರಾವೆ ಬೇಕು. ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ಪತ್ರ, ಬಾಡಿಗೆ ಕರಾರು ಇಂಥವು. ಆದ್ದರಿಂದ ಬಂದ ಹೊಸದರಲ್ಲೇ ನಿಮ್ಮ ಹೆಸರಿನಲ್ಲಿ ಕಾಗದಪತ್ರ ಮಾಡಿಸಿಕೊಳ್ಳಿ. ನಮ್ಮ ಹೆಣ್ಣುಮಕ್ಕಳ ಮನೆಗಳಲ್ಲಿ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲ ಗಂಡನ ಒಬ್ಬನ ಹೆಸರಿನಲ್ಲೇ ಇರುತ್ತವೆ. ವರ್ಷ ಕಳೆದ ಮೇಲೆ ತೋರಿಸಲು ಏನೂ ಇರುವುದಿಲ್ಲ.

ನನಗಿನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ ನಾನ್‌ಕ್ರೆಡಿಟ್ ಎಂದು ತೀರ್ಮಾನಿಸಿದೆ. ಅದು ಸರಿಯಾದ ತೀರ್ಮಾನವೇ. ತಪ್ಪಾದದ್ದು ಮಟ್ಟವನ್ನು ಆರಿಸುವಲ್ಲಿ.

ಮೊದಲೆಲ್ಲ ಇದಕ್ಕೆ ಪರೀಕ್ಷೆ ಇರುತ್ತಿತ್ತಂತೆ. 2017ರಲ್ಲಿ ಬಂದ ಎಬಿ 705 ಎಂಬ ಕಾನೂನಿನ ನಂತರ ಇಲ್ಲಿನ ಕಾಲೇಜುಗಳು ಪರೀಕ್ಷೆ ಬಿಟ್ಟು, ವಿದ್ಯಾರ್ಥಿಯೇ ತನ್ನ ಮಟ್ಟ ಗುರುತಿಸಿಕೊಳ್ಳುವ ಕ್ರಮಕ್ಕೆ ಬಂದಿವೆ. ಪರದೆಯ ಮೇಲೆ ಒಂದೊಂದು ಮಟ್ಟದ ಒಂದು ಪ್ಯಾರಾ ಬರುತ್ತದೆ. ಸುಲಭವಾಗಿ ಓದಬಲ್ಲೆನೇ, ಸ್ವಲ್ಪ ಕಷ್ಟವೇ, ಇಂಥದನ್ನು ಬರೆಯಬಲ್ಲೆನೇ ಎಂದು ನಾವೇ ಗುರುತು ಹಾಕಬೇಕು. ಓದುವುದು ನನಗೆ ಬಂದೇ ಬರುತ್ತಿತ್ತಲ್ಲ, ಎಲ್ಲದಕ್ಕೂ "ಸುಲಭ" ಎಂದು ಒತ್ತಿದೆ. ಮೇಲಿನ ಹಂತದ ಓದು-ಬರಹದ ತರಗತಿ ಸೂಚಿಸಿತು. ಸಂತೋಷವಾಯಿತು. 2023ರ ಜನವರಿಯಲ್ಲಿ ಸೇರಿದೆ.

ಮೂರು ವಾರ ಹೋದೆ. ಪ್ರಬಂಧದ ಮೊದಲ ಪ್ಯಾರಾ ಹೇಗಿರಬೇಕು, ವಾದಕ್ಕೆ ಆಧಾರ ಹೇಗೆ ಕೊಡಬೇಕು ಎಂಬ ಪಾಠ. ಬರೆದದ್ದಕ್ಕೆ ಟೀಚರು ಮೆಚ್ಚುಗೆ ಬರೆದು ಕೊಡುತ್ತಿದ್ದರು. ಆದರೆ ಗುಂಪಿನಲ್ಲಿ ಮಾತಾಡಿ ಎಂದಾಗ ಪಕ್ಕದವರು ಹೇಳಿದ್ದು ಅರ್ಧವೂ ಹಿಡಿಯದೆ ಸುಮ್ಮನೆ ತಲೆಯಾಡಿಸುತ್ತಿದ್ದೆ. ಮನೆಗೆ ಬಂದರೆ ಫೋನಿನ ಭಯ ಹಾಗೇ ಇತ್ತು.

ಆಗ ನಡೆದದ್ದು ಕ್ಲಿನಿಕ್ಕಿನ ಸಂಗತಿ. ಮಗಳಿಗೆ ಲಸಿಕೆ ಹಾಕಿಸಬೇಕಿತ್ತು. ಕೌಂಟರಿನಲ್ಲಿದ್ದ ಹುಡುಗಿ ಫಾರಂ ನೋಡುತ್ತಾ, "ಸೋ ಶೀ ಡಸಂಟ್ ಹ್ಯಾವ್ ಎನಿ ಅಲರ್ಜೀಸ್?" ಎಂದಳು. ನಾನು "ಎಸ್" ಅಂದೆ. ಅವಳು ಪೆನ್ ಎತ್ತಿಕೊಂಡು ಏನೇನು ಅಲರ್ಜಿ ಎಂದು ಕೇಳಿದಳು. ನಾನು "ನೋ, ನೋ" ಅಂದೆ. "ನೋ ಅಂದರೆ ಅಲರ್ಜಿ ಇಲ್ಲವಾ?" ಎಂಬ ಅರ್ಥದಲ್ಲಿ ಮತ್ತೆ ಕೇಳಿದಳು. ನಾನು ಮತ್ತೆ "ಎಸ್". ಅವಳು ಒಳಗೆ ಹೋಗಿ ನರ್ಸನ್ನು ಕರೆತಂದಳು. ಮಗಳ ವಿಷಯವಾಗಿ ಔಷಧದ ಕಾಗದದ ಮೇಲೆ ತಪ್ಪು ಬೀಳುತ್ತಿತ್ತಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಅಡುಗೆಮನೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ಒಂದು ವಾರ, ನನ್ನ ಇಂಗ್ಲಿಷ್ ಎಲ್ಲೆಲ್ಲಿ ಕೈಕೊಟ್ಟಿತೋ ಅದಷ್ಟೇ. ಔಷಧದಂಗಡಿಯ ಫೋನು, ಬಸ್ಸಿನವರು ಹೇಳಿದ ನಿಲ್ದಾಣ, ಪ್ರೀಸ್ಕೂಲಿನ ಟೀಚರು ಬಾಗಿಲಲ್ಲಿ ಅವಸರದಲ್ಲಿ ಹೇಳಿದ ಮಾತು, ಹೀಗೆ ಹನ್ನೊಂದು ಸಾಲಾಯಿತು. ಅದರಲ್ಲಿ ಒಂಬತ್ತು ಕೇಳಿಸಿಕೊಳ್ಳುವುದು ಮತ್ತು ತಕ್ಷಣ ಉತ್ತರಿಸುವುದರ ತೊಂದರೆ. ಬರಹದ್ದು ಎರಡೇ, ಅವೂ ಸಣ್ಣ ಇಮೇಲುಗಳು. ಪ್ರಬಂಧ ಬರೆಯುವುದನ್ನು ಕಲಿಸುವ ತರಗತಿ ಈ ಹನ್ನೊಂದರಲ್ಲಿ ಒಂದನ್ನೂ ನೇರವಾಗಿ ಮುಟ್ಟುತ್ತಿರಲಿಲ್ಲ.

ಹಾಳೆಯನ್ನು ಹಿಡಿದುಕೊಂಡು ಕೌನ್ಸೆಲರ್ ಬಳಿ ಹೋದೆ. ಅವರು ನಿಧಾನವಾಗಿ ಓದಿ, ಆಲಿಸುವಿಕೆ-ಮಾತು ಎಂದು ಬೇರೆಯದೇ ತರಗತಿ ಇದೆ, ಅದೂ ಎರಡು ಹಂತ ಕೆಳಗಿನದು ತಗೊಳ್ಳಿ ಎಂದರು. ಕೆಳಗಿನ ಹಂತ ಎಂದಾಗ ಮನಸ್ಸಿಗೆ ಕಷ್ಟವಾಯಿತು. ಆದರೆ ಓದಿನಲ್ಲಿ ಒಂದು ಮಟ್ಟ, ಕಿವಿಗೆ ಇನ್ನೊಂದು ಮಟ್ಟ ಇರುವುದು ನಮ್ಮ ಕಡೆಯಿಂದ ಬಂದವರಿಗೆ ತೀರಾ ಸಹಜ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಆರಿಸಬೇಕೆಂಬ ನಿಯಮವೇನೂ ಇಲ್ಲ. ಅಷ್ಟರಲ್ಲಿ ಆ ತರಗತಿ ತುಂಬಿಹೋಗಿತ್ತು, ಮುಂದಿನದು ಆಗಸ್ಟಿನಲ್ಲಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಸಾರ್ವಜನಿಕ ಗ್ರಂಥಾಲಯದ ಮಾತುಕತೆ ಗುಂಪಿಗೆ ಹೋದೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಕಾಲೇಜಿಗೆ ಸೇರಿಸಬಹುದಾ ಎಂದು ಕೆಲವರು ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಕಾಲೇಜಿನ ಕೋರ್ಸು ಓದುವಂತಿಲ್ಲ. ಅಂಥವರನ್ನು ಇಂಥ ಗುಂಪಿಗೆ ಕರೆದುಕೊಂಡು ಹೋಗಿ.

ಆಗಸ್ಟಿನ ತರಗತಿ ನನ್ನ ಪಾಲಿಗೆ ದೊಡ್ಡ ಉಪಕಾರ ಮಾಡಿತು. ವಿಯೆಟ್ನಾಮಿನ ಅಜ್ಜಿಯೊಬ್ಬರು, ಮೆಕ್ಸಿಕೋದ ಅಣ್ಣ-ತಂಗಿ, ಇರಾನಿನ ಒಬ್ಬ ಎಂಜಿನಿಯರ್, ನಾನು, ಹೀಗೆ ಇಪ್ಪತ್ತೆರಡು ಜನ. ಎರಡನೇ ವಾರ ಟೀಚರು ಬೋರ್ಡಿನ ಮೇಲೆ ಇಲ್ಲ ಎಂಬರ್ಥದ ಪ್ರಶ್ನೆಗಳನ್ನು ಬರೆದರು. "ಯು ಡೋಂಟ್ ಡ್ರಿಂಕ್ ಕಾಫಿ?" ಕಾಫಿ ಕುಡಿಯದವರು ಏನು ಹೇಳಬೇಕು? ನನ್ನ ಬಾಯಿಗೆ ಬಂದದ್ದು "ಎಸ್". ಕನ್ನಡದಲ್ಲಿ "ನೀವು ಕಾಫಿ ಕುಡಿಯಲ್ವಾ?" ಎಂದರೆ "ಹೌದು, ಕುಡಿಯಲ್ಲ" ಅನ್ನುತ್ತೇವೆ. ನಮ್ಮ "ಹೌದು" ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ಎಸ್, ನೋ ಕೇಳಿದವರ ಮಾತನ್ನು ನೋಡುವುದೇ ಇಲ್ಲ. ಕುಡಿಯುತ್ತೀರಾದರೆ ಎಸ್, ಇಲ್ಲವಾದರೆ ನೋ, ಪ್ರಶ್ನೆ ಹೇಗಾದರೂ ಇರಲಿ. ಕ್ಲಿನಿಕ್ಕಿನಲ್ಲಿ ಆದದ್ದೇನು ಎಂದು ನನಗೆ ಆ ಕ್ಷಣ ಹೊಳೆಯಿತು. ವಿಯೆಟ್ನಾಮಿನ ಅಜ್ಜಿಯೂ ನನ್ನ ಹಾಗೆಯೇ "ಎಸ್" ಎಂದಿದ್ದರು. ಇಬ್ಬರೂ ಒಂದು ತಿಂಗಳು ಇದನ್ನೇ ಒಬ್ಬರಿಗೊಬ್ಬರು ಕೇಳಿಕೊಂಡು ಅಭ್ಯಾಸ ಮಾಡಿದೆವು.

ವಿನಯದ ವಿಷಯವೂ ಅಲ್ಲೇ ತಿಳಿದದ್ದು. "ನೀರು ಕೊಡಿ" ಎಂಬಲ್ಲಿ ಕೊನೆಯ "ಡಿ"ಯಲ್ಲೇ ಗೌರವ ಇದೆ. ಅದನ್ನೇ "ಗಿವ್ ಮಿ ವಾಟರ್" ಎಂದರೆ ಗೌರವ ಪೂರ್ತಿ ಬಿದ್ದುಹೋಗಿ ಬರೀ ಅಪ್ಪಣೆ ಉಳಿಯುತ್ತದೆ. "ಕುಡ್ ಐ ಗೆಟ್ ಸಮ್ ವಾಟರ್" ಎಂದು ವಾಕ್ಯವನ್ನೇ ಬೇರೆ ಕಟ್ಟಬೇಕು. ಫೋನಿನಲ್ಲಿ ಏಕೆ ಏನೂ ಹಿಡಿಯುತ್ತಿರಲಿಲ್ಲ ಎಂಬುದಕ್ಕೂ ಕಾರಣ ಸಿಕ್ಕಿತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇವರ ಮಾತಿನಲ್ಲಿ ಒತ್ತು ಬಿದ್ದ ಅಕ್ಷರ ನಿಲ್ಲುತ್ತದೆ, ಉಳಿದದ್ದು ಕರಗುತ್ತದೆ. "ವಾಟ್ ಡು ಯು ವಾಂಟ್ ಟು ಡೂ" ಎಂಬುದು ಕಿವಿಗೆ "ವಾಡ್ಯ ವಾನ ಡೂ" ಎಂದು ಬೀಳುತ್ತದೆ. ನಾನು ಅಲ್ಲಿಲ್ಲದ ಅಕ್ಷರಗಳಿಗಾಗಿ ಕಾಯುತ್ತಾ ಕೂತಿದ್ದೆ.

2024ರ ಜನವರಿಗೆ ನಿವಾಸಿ ಎಂದು ಕಾಲೇಜು ಒಪ್ಪಿತು, ಕ್ರೆಡಿಟ್ ತರಗತಿ ಸೇರಿ 184 ಡಾಲರ್ ಕಟ್ಟಿದೆ. ಹಿಂದೆ ಬಿಟ್ಟುಬಂದ ಅದೇ ಓದು-ಬರಹದ ಪಾಠ. ಈ ಸಲ ಗುಂಪಿನಲ್ಲಿ ಮಾತಾಡಿದೆ. ಒಂದು ವಿಷಯ ಗಮನಿಸಿ: ಕೆಲವು ಕಾಲೇಜುಗಳಲ್ಲಿ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರು, ಒಂದೇ ಪಾಠವನ್ನು ಕ್ರೆಡಿಟ್‌ನವರಿಗೂ ನಾನ್‌ಕ್ರೆಡಿಟ್‌ನವರಿಗೂ ಒಟ್ಟಿಗೆ ಮಾಡುತ್ತಾರೆ. ಪಟ್ಟಿಯಲ್ಲಿ ಮಾತ್ರ ಎರಡು ನಂಬರ್ ಇರುತ್ತದೆ. ಗ್ರೇಡ್ ಬೇಡದವರು ದುಡ್ಡು ಕೊಡುವ ಮೊದಲು ಇದನ್ನು ಕೇಳಲೇಬೇಕು. ತರಗತಿ ಒಗ್ಗದಿದ್ದರೆ ದುಡ್ಡು ವಾಪಸ್ ಸಿಗುವಂತೆ ಬಿಡಲು ಕೊನೆಯ ದಿನ ಯಾವುದು ಎಂದೂ ಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.

ಕಳೆದ ತಿಂಗಳು ಹಾವೇರಿ ಕಡೆಯ ಒಬ್ಬ ಹುಡುಗಿ ನಮ್ಮ ಕಟ್ಟಡಕ್ಕೆ ಬಂದಳು. "ಅಕ್ಕಾರ, ನೀವ್ ಹೋಗಿದ್ದ ಕ್ಲಾಸಿಗೇ ನನ್ನನ್ನೂ ಸೇರಸ್ರಿ" ಅಂದಳು. ಒಂದು ವಾರ ಬರೆದುಕೊಂಡು ಬಾ ಎಂದು ಹಾಳೆ ಕೊಟ್ಟು ಕಳಿಸಿದೆ. ತಂದ ಪಟ್ಟಿ ನೋಡಿದರೆ ಫೋನು, ಅಂಗಡಿ ಒಂದೂ ಇಲ್ಲ. ಮಾತು ಅವಳಿಗೆ ಚೆನ್ನಾಗಿಯೇ ಬರುತ್ತದೆ. ನರ್ಸಿಂಗ್ ಓದಬೇಕೆಂದಿದ್ದಾಳೆ, ಅರ್ಜಿಗೆ ಎರಡು ಪುಟ ಬರೆಯಲು ಕೂತು ಏಳು ಸಲ ಹರಿದು ಹಾಕಿದ್ದಾಳೆ. ನಾನು ಮೂರು ವಾರಕ್ಕೆ ಬಿಟ್ಟುಬಂದೆನಲ್ಲ, ಆ ತರಗತಿಯ ನಂಬರನ್ನು ಹುಡುಕಿ ಅವಳ ಹಾಳೆಯ ಮೇಲೆ ಬರೆದುಕೊಟ್ಟೆ.