ಸಂಧಿವಾತದ ಡಾಕ್ಟರಾಗಬೇಕೆಂಬ ನಮ್ಮ ಜಿಲ್ಲೆಯ ಮಕ್ಕಳಿಗೆ

ಉತ್ತರ ಕನ್ನಡದ ಕುಮಟಾದ ನನ್ನ ಕ್ಲಿನಿಕ್ಕಿಗೆ ರಜೆಯಲ್ಲಿ ಮೆಡಿಕಲ್ ಓದುವ ಮಕ್ಕಳು ಬಂದು ಕೂರುತ್ತಾರೆ. ಹೆಚ್ಚಿನವರು ಮೊದಲು ಕೇಳುವುದು ಇದನ್ನೇ: "ಸರ್, ರುಮಟಾಲಜಿಗೆ ಹೋಗ್ಬೇಕಂದ್ರೆ ಆರ್ಥೋ ಮಾಡ್ಬೇಕಾ?"

ಬೇಡ. ಎಲುಬಿನ ಡಾಕ್ಟರದ್ದು ಬೇರೆ ದಾರಿ, ಸಂಧಿವಾತ ನೋಡುವ ನಮ್ಮ ರುಮಟಾಲಜಿಯದು ಮೆಡಿಸಿನ್ ದಾರಿ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ. ಆಮೇಲೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿ ಬರೆದು ಜನರಲ್ ಮೆಡಿಸಿನ್‌ನಲ್ಲಿ 3 ವರ್ಷದ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ. ಮಕ್ಕಳ ವಿಭಾಗದಲ್ಲಿ ಎಂಡಿ ಮಾಡಿದವರಿಗೂ ಅವಕಾಶ ಉಂಟು. ಅದಾದ ಮೇಲೆ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು ರುಮಟಾಲಜಿಯಲ್ಲಿ 3 ವರ್ಷದ ಡಿಎಂ ಪದವಿ. ಎಷ್ಟೋ ಕಡೆ ಈ ಕೋರ್ಸಿನ ಹೆಸರೇ 'ಕ್ಲಿನಿಕಲ್ ಇಮ್ಯುನಾಲಜಿ ಮತ್ತು ರುಮಟಾಲಜಿ'. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್‌ಮರ್‌ನಂಥ ಸಂಸ್ಥೆಗಳಿಗೆ ಪ್ರವೇಶ ಪರೀಕ್ಷೆಯೇ ಬೇರೆ, ಐಎನ್‌ಐ ಎಸ್‌ಎಸ್. ಎಲ್ಲೂ ನಿಲ್ಲದೆ ಓದಿದರೂ ಹನ್ನೊಂದೂವರೆ ವರ್ಷ ಬೇಕು. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಅಪ್ಪ ಅಮ್ಮ "ಇನ್ನೂ ಓದೇ ಮುಗಿಲಿಲ್ವಾ" ಅಂತ ಕೇಳುವ ದಿನ ಬಂದೇ ಬರುತ್ತದೆ.

ಪರೀಕ್ಷೆ ವಿಷಯ ಇಷ್ಟು ಸಾಕು. ಅದಕ್ಕೆ ಕೋಚಿಂಗ್ ಸಿಗುತ್ತದೆ. ಆದರೆ ರೋಗಿಯ ಮಾತು ಕೇಳುವುದನ್ನು ಮತ್ತು ಕೀಲು ಮುಟ್ಟಿ ನೋಡುವುದನ್ನು ಯಾವ ಕೋಚಿಂಗೂ ಕಲಿಸುವುದಿಲ್ಲ. ಡಿಎಂ ಸೀಟು ಸಿಗುವವರೆಗೆ ಕಾಯಬೇಡಿ. ಎಂಬಿಬಿಎಸ್‌ನ ವಾರ್ಡ್ ಪೋಸ್ಟಿಂಗ್‌ನಲ್ಲೇ ಶುರು ಮಾಡಿ.

ಶಿರಸಿ ಕಡೆಯ ಅಜ್ಜಿಯೊಬ್ಬರು "ಬೆಳಿಗ್ಗೆ ಎದ್ದಾಗ ಬೆರಳು ಮಡಚಲೇ ಆಗ್ತಿಲ್ಲೆ ತಮಾ" ಅಂದರೆ ಅಲ್ಲಿಗೇ ಬಿಡಬೇಡಿ. ಎಷ್ಟು ಹೊತ್ತು ಅಂತ ಕೇಳಿ. ಸುಮ್ನೆ "ಎಷ್ಟು ನಿಮಿಷ" ಅಂದರೆ ಉತ್ತರ ಸಿಗುವುದಿಲ್ಲ. "ಆಕಳ ಹಾಲು ಕರೆಯುವ ಹೊತ್ತಿಗೆ ಕೈ ಸಡಿಲಾಗ್ತದಾ? ದೋಸೆ ಎರೆದು ಮುಗಿದರೂ ಹಾಗೇ ಇರ್ತದಾ?" ಅಂತ ಕೇಳಿ. ಸವಕಳಿಯಿಂದ ಬಂದ ಗಂಟು ನೋವಾದರೆ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬಿದ್ದು ಬರುವ ರುಮಟಾಯ್ಡ್ ಸಂಧಿವಾತದಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಇರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ವರ್ಷಗಟ್ಟಲೆ ಅಡಿಕೆ ಸುಲಿದ ಕೈಯಲ್ಲಿ ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ಕೆಲಸ ಕೇಳದೆ ರೋಗ ಹೇಳಬೇಡಿ.

ಆಮೇಲೆ ಕೈ. ನಾವು 28 ಕೀಲುಗಳನ್ನು ಲೆಕ್ಕ ಹಾಕುತ್ತೇವೆ. ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಎರಡೆರಡು. ಉಳಿದ 20 ಬೆರಳುಗಳಲ್ಲೇ ಇವೆ. ನಿಮ್ಮ ಹೆಬ್ಬೆರಳಿನ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ. ಅದಕ್ಕಿಂತ ಜಾಸ್ತಿ ಬೇಡ. ಬಾವು ಇರುವ ಕೀಲು ಬೆರಳಿಗೆ ಮೆತ್ತಗೆ ಸಿಗುತ್ತದೆ, ಸವೆದ ಕೀಲು ಗಟ್ಟಿಯಾಗಿ ಸಿಗುತ್ತದೆ. ನೂರಾರು ಕೈ ಮುಟ್ಟಿದ ಮೇಲೆ ಈ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಲಿ. ನಮ್ಮ ಹೆಂಗಸರು ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ರಕ್ತದ ವರದಿ ನೋಡುವುದು ಕೊನೆಗೆ. 'ಆರ್‌ಎ ಫ್ಯಾಕ್ಟರ್ ಪಾಸಿಟಿವ್' ಎಂಬ ಚೀಟಿ ಹಿಡಿದು ಅಂಕೋಲಾದಿಂದ ಅಳುತ್ತಾ ಬಂದವರನ್ನು ನೋಡಿದ್ದೇನೆ. ರುಮಟಾಯ್ಡ್‌ಗೆಂದು ಮಾಡುವ ಈ ರಕ್ತಪರೀಕ್ಷೆ ವಯಸ್ಸಾದ ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು. ಹೆಪಟೈಟಿಸ್ ಸಿ, ಕ್ಷಯದಂಥ ಕಾಯಿಲೆಯಲ್ಲೂ ಬರಬಹುದು. ನಿಜವಾದ ರುಮಟಾಯ್ಡ್ ಇದ್ದೂ ನೆಗೆಟಿವ್ ಬರುವುದೂ ಉಂಟು. ಚಿಕುನ್‌ಗುನ್ಯಾ ಬಂದು ಹೋದವರಿಗೆ ತಿಂಗಳುಗಟ್ಟಲೆ ಕೀಲು ಊದಿಕೊಂಡು ಥೇಟ್ ರುಮಟಾಯ್ಡ್‌ನಂತೆಯೇ ಕಾಣುತ್ತದೆ. ಜ್ವರ ಬಂದಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿತ್ತಾ ಅಂತ ಮರೆಯದೆ ಕೇಳಿ.

ಡಿಎಂ ಮಾಡುವ ಜಾಗ ಆರಿಸುವಾಗ ಊರು ನೋಡಬೇಡಿ, ಲ್ಯಾಬ್ ನೋಡಿ. ದೇಹ ತನ್ನ ಮೇಲೇ ತಿರುಗಿಬೀಳುವ ರೋಗಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆಯ ಸ್ಲೈಡನ್ನು ನೀವೇ ಕೂತು ಓದಲು ಬಿಡುತ್ತಾರಾ? ಮೊಣಕಾಲಿನ ನೀರು ತೆಗೆದು, ಪೋಲರೈಸಿಂಗ್ ಸೂಕ್ಷ್ಮದರ್ಶಕದಡಿ ಗೌಟ್‌ನ (ಯೂರಿಕ್ ಆಸಿಡ್ ಹರಳುಗಟ್ಟಿ ಬರುವ ಕೀಲು ಬಾವು) ಸೂಜಿಯಂಥ ಹರಳನ್ನು ನೀವೇ ಹುಡುಕಬಹುದಾ? ಕೀಲಿನ ಅಲ್ಟ್ರಾಸೌಂಡ್ ಕಲಿಸುತ್ತಾರಾ? ಲಖನೌದ ಎಸ್‌ಜಿಪಿಜಿಐ, ವೆಲ್ಲೂರಿನ ಸಿಎಂಸಿ, ಹೈದರಾಬಾದಿನ ನಿಮ್ಸ್‌ನಲ್ಲೂ ಈ ಕೋರ್ಸ್ ಇದೆ. ಸೇರುವ ಮೊದಲು ಅಲ್ಲಿ ಓದುತ್ತಿರುವವರಿಗೆ ಫೋನ್ ಮಾಡಿ ಇದನ್ನೆಲ್ಲ ವಿಚಾರಿಸಿ. ಈ ಶಾಖೆ ಬರೀ ಗಂಟು ನೋವಿನದು ಅಂದುಕೊಳ್ಳಬೇಡಿ. ರೋಗನಿರೋಧಕ ಶಕ್ತಿ ದೇಹದ ಅಂಗಗಳ ಮೇಲೇ ತಿರುಗಿಬೀಳುವ ಲೂಪಸ್‌ನಿಂದ ಕಿಡ್ನಿ ಕೆಟ್ಟ ಇಪ್ಪತ್ತರ ಹುಡುಗಿಗಾಗಿ ಐಸಿಯುವಿನಲ್ಲಿ ರಾತ್ರಿಯಿಡೀ ನಿಲ್ಲಬೇಕಾಗುತ್ತದೆ. ಜೊತೆಗೆ ಥೀಸಿಸ್ ಕೆಲಸವೂ ಇರುತ್ತದೆ. ಕಡಿಮೆ ಅವಧಿಯ ಫೆಲೋಶಿಪ್‌ಗಳೂ ಉಂಟು. ಫಿಸಿಶಿಯನ್‌ಗೆ ಅವು ಉಪಯೋಗವೇ, ಆದರೆ ಡಿಎಂಗೆ ಸಮ ಅಲ್ಲ.

ಮದ್ದು ಬರೆಯುವುದನ್ನೂ ಅಭ್ಯಾಸ ಮಾಡಬೇಕು. ರುಮಟಾಯ್ಡ್‌ಗೆ ಮೆಥೋಟ್ರೆಕ್ಸೇಟ್ ನಮ್ಮ ಮುಖ್ಯ ಮಾತ್ರೆ. ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣ ಬೀಳುತ್ತದೆ, ಜೀವವೇ ಹೋಗಬಹುದು. "ಬುಧವಾರ ಮಾತ್ರ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ಯಾವ ದಿನ ಅಂತಲೂ ಬರೆಯಿರಿ. ಜೊತೆಗೆ ಬಂದ ಮಗ ಅಥವಾ ಸೊಸೆಯ ಬಾಯಿಂದ ಒಮ್ಮೆ ಹೇಳಿಸಿ. ಓದು ಬಾರದವರಿಗೆ "ಸಂತೆ ದಿನ" ಅಂದರೆ ನೆನಪಿರುತ್ತದೆ. ಅವರ ಊರ ಸಂತೆ ಯಾವ ವಾರ ಅಂತ ಮಾತ್ರ ಕೇಳಿಕೊಳ್ಳಿ.

ಓದು ಮುಗಿಸಿ ದಯವಿಟ್ಟು ಈ ಕಡೆ ಬನ್ನಿ. ನಮ್ಮವರು ಇನ್ನೂ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಬಸ್ಸು ಹತ್ತುತ್ತಿದ್ದಾರೆ, ಊದಿದ ಮೊಣಕಾಲು ಹೊತ್ತುಕೊಂಡು. ಬಂದ ಕೂಡಲೇ ಊರಿನ ಕಣ್ಣಿನ ಡಾಕ್ಟರನ್ನು ಭೇಟಿ ಮಾಡಿ, ಕಣ್ಣಿನ ಪರದೆಗೆ ತೊಂದರೆ ಮಾಡಬಹುದಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ತೆಗೆದುಕೊಳ್ಳುವವರ ಪರೀಕ್ಷೆಗೆ ಅವರು ಬೇಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬಯೋಲಾಜಿಕ್ ಇಂಜೆಕ್ಷನ್ ಕೊಡುವ ಮುಂಚೆ ಕ್ಷಯದ ತಪಾಸಣೆ ಎಲ್ಲಿ ಮಾಡಿಸುವುದು ಅಂತ ಗೊತ್ತು ಮಾಡಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬಿಕೊಳ್ಳುವಂತಿಲ್ಲ. ಸಿದ್ದಾಪುರ, ಯಲ್ಲಾಪುರದವರ ರಕ್ತ, ಲಿವರ್ ಪರೀಕ್ಷೆ ಅವರವರ ಊರಿನಲ್ಲೇ ಆಗಿ, ವರದಿ ನಿಮ್ಮ ಮೊಬೈಲಿಗೆ ಬರುವ ಹಾಗೆ ಮೇ ತಿಂಗಳೊಳಗೆ ಲ್ಯಾಬಿನವರ ಹತ್ತಿರ ಮಾತಾಡಿಟ್ಟುಕೊಳ್ಳಿ.