ಸುತ್ತಿಗೆ ತರುವಾಗ ಜೇಬಲ್ಲಿ ಒಂದು ಮೊಳೆ ಇರಲಿ

ದಾವಣಗೆರೆ ಮಂಡಿಪೇಟೆ ಕಡೆ ಮೊಳೆ ಕೀಳುವ ಸುತ್ತಿಗೆ ತರಲು ಹೊರಟವರು ಜೇಬಲ್ಲಿ ಒಂದು ಸಣ್ಣ ಮೊಳೆ ಇಟ್ಟುಕೊಂಡು ಹೋಗಿ. ಸುತ್ತಿಗೆಯ ಸೀಳಿಗೆ ಅದನ್ನು ಸಿಕ್ಕಿಸಿ ನೋಡಿ. ಸೀಳು ಒಳಗೆ ಹೋದಂತೆ ಕಿರಿದಾಗಬೇಕು, ಇಲ್ಲದಿದ್ದರೆ ಸಣ್ಣ ಮೊಳೆ ಜಾರುತ್ತದೆ. ನಾನು ಸುಮ್ನೆ ಹೊಳಪು ನೋಡಿ ತಂದದ್ದು ಈಗ ತೆಂಗಿನಕಾಯಿ ಒಡೆಯಲು ಮಾತ್ರ!

ಮನೆಗೆ ತಲೆ 450 ಗ್ರಾಂ ಆಸುಪಾಸು ಇದ್ದರೆ ಸಾಕು. ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಹಲಗೆ ಕಟ್ಟುವ) ಕೆಲಸದವರಿಗೆ 560 ಗ್ರಾಂನದು ಸರಿ, ಆದರೆ ದಿನವಿಡೀ ಬೀಸಿದರೆ ಭುಜ ಹಿಡಿಯುತ್ತದೆ. ಪೂರ್ತಿ ಉಕ್ಕಿನದು ಗಟ್ಟಿ, ಕೈ ಮಾತ್ರ ಜುಮ್ಮೆನ್ನುತ್ತದೆ. ನನಗಂತೂ ಮರದ ಕಾವೇ (ಹಿಡಿಯೇ) ಇಷ್ಟ. ಮುರಿದರೆ ಬೇರೆ ಹಾಕಿಸಬಹುದು, ಅಲ್ವಾ? ಮರದ ಎಳೆ ಕಾವಿನ ಉದ್ದಕ್ಕೂ ನೇರವಾಗಿರಲಿ, ಗಂಟು ಬೇಡ. ತಲೆ ಅಲ್ಲಾಡಿದರೆ ನೀರಲ್ಲಿ ನೆನೆಸಬೇಡಿ. ಒಣಗಿದ ಮೇಲೆ ಇನ್ನೂ ಜಾಸ್ತಿ ಸಡಿಲವಾಗುತ್ತದೆ. ಬೆಣೆ ಹೊಡೆಸಿ.