ಹಳೇ ಕಾರು ನಡುಗ್ತಿದ್ಯಾ? ಪಾರ್ಟ್ ಬದಲಾಯಿಸೋ ಮುಂಚೆ ಸದ್ದಿನ ಬೆನ್ನು ಹತ್ತಿ

ಹಳೇ ಗಾಡಿ ನಡುಗೋಕೆ ಶುರುವಾದ್ರೆ ತುಂಬಾ ಜನ ಊಹೆ ಮೇಲೇ ದುಡ್ಡು ಸುರೀತಾರೆ, ಮೊದ್ಲು ಶಾಕ್ ಅಬ್ಸಾರ್ಬರ್, ಆಮೇಲೆ ಟೈರು, ಆಮೇಲೆ ಇನ್ನೇನೋ, ನಡುಕ ಮಾತ್ರ ಅಲ್ಲೇ ಇರತ್ತೆ. ಮೊದ್ಲು ಗೊತ್ತಾಗ್ಬೇಕಾದ್ದು ಇಷ್ಟೇ, ಈ ನಡುಕ, ಸದ್ದು ಎಂಜಿನ್ ಜೊತೆ ಏರಿಳಿಯತ್ತಾ ಅಥವಾ ಚಕ್ರದ ಜೊತೆನಾ.

ರೋಡಿಗೆ ಇಳಿಯೋ ಮುಂಚೆ ವೀಲ್ ನಟ್ ಸಡಿಲ ಇದ್ಯಾ, ಟೈರ್ ಎಲ್ಲಾದ್ರೂ ಊದಿದ್ಯಾ ನೋಡಿ, ಎರಡರಲ್ಲಿ ಯಾವ್ದಿದ್ರೂ ಗಾಡಿ ಓಡಿಸ್ಬೇಡಿ.

ಮೊದ್ಲು ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ನಿಧಾನಕ್ಕೆ ಒತ್ತಿ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೇ ಇದ್ದಾಗ) ನಡುಗಿ, ರೇಸ್ ಕೊಟ್ರೆ ಕಮ್ಮಿ ಆದ್ರೆ ಎಂಜಿನ್ ಮೌಂಟಿಂಗ್ (ಎಂಜಿನ್ ಹಿಡಿದಿರೋ ರಬ್ಬರ್ ತುಂಡು) ಅಥವಾ ಮಿಸ್ ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರೀದೇ ಇರೋದು) ಮೇಲೆ ಅನುಮಾನ ಪಡಿ. ಒಂದು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗೋ ಸುತ್ತು) ಮಾತ್ರ ಜರ್ ಅಂತ ತಗಡಿನ ಸದ್ದು ಬಂದ್ರೆ ಸೈಲೆನ್ಸರ್ ಹತ್ರದ ಹೀಟ್ ಶೀಲ್ಡ್ (ಬಿಸಿ ತಡೆಯೋ ತಗಡು) ಸಡಿಲ ಆಗಿರ್ಬೋದು, ಎಂಜಿನ್ ತಣ್ಣಗಾದ್ಮೇಲೆ ಕೈಯಲ್ಲಿ ತಟ್ಟಿ ನೋಡಿ. ಕ್ಲಚ್ ಒತ್ತಿದಾಗ ಮಾತ್ರ ಗರ್ ಅಂದ್ರೆ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್.

ಆಮೇಲೆ ಖಾಲಿ ನೇರ ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗ್ತಾ ಗೇರ್ ನ್ಯೂಟ್ರಲ್ ಮಾಡಿ, ಕೀ ಮಾತ್ರ ಆಫ್ ಮಾಡ್ಲೇಬೇಡಿ, ಸ್ಟೇರಿಂಗ್ ಲಾಕ್ ಆಗ್ಬೋದು, ಬ್ರೇಕೂ ಗಟ್ಟಿ ಆಗತ್ತೆ. ಆರ್‌ಪಿಎಂ ಇಳಿದ್ರೂ ಸದ್ದು ಹಾಗೇ ಇದ್ರೆ ತಪ್ಪು ಚಕ್ರದ ಕಡೆ. ಸುಮಾರು 60 ಸೆಂ.ಮೀ. ವ್ಯಾಸದ ಚಕ್ರ 80 ಕಿ.ಮೀ. ಸ್ಪೀಡಲ್ಲಿ ಸೆಕೆಂಡಿಗೆ 12 ಸುತ್ತು ತಿರುಗತ್ತೆ, ಅದ್ಕೇ ರಿಮ್ಮಲ್ಲಿರೋ ಚೂರು ತೂಕದ ವ್ಯತ್ಯಾಸನೂ ಕೈಗೆ ಗೊತ್ತಾಗತ್ತೆ. ಸ್ಟೇರಿಂಗ್ ನಡುಗಿದ್ರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟ್ ನಡುಗಿದ್ರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡಿಸ್ಕ್ ನೋಡ್ಸಿ.

ಗುಂಯ್ ಅನ್ನೋ ಸದ್ದೇ ಜನರನ್ನ ಜಾಸ್ತಿ ಯಾಮಾರಿಸೋದು, ಅದು ಸವೆದ ಟೈರೂ ಇರ್ಬೋದು, ವೀಲ್ ಬೇರಿಂಗೂ (ಚಕ್ರ ಸಲೀಸಾಗಿ ತಿರುಗೋಕೆ ಇರೋ ಭಾಗ) ಇರ್ಬೋದು. ಎಡಕ್ಕೆ ಬಾಗೋ ತಿರುವಲ್ಲಿ ಗಾಡಿ ಭಾರ ಬಲಕ್ಕೆ ಬೀಳತ್ತೆ, ಆಗ ಸದ್ದು ಏರಿದ್ರೆ ಬಲಗಡೆ ಬೇರಿಂಗ್ ಆಗಿರೋ ಚಾನ್ಸ್ ಜಾಸ್ತಿ. ತಿರುವಲ್ಲಿ ಏನೂ ಬದಲಾಗ್ದೆ, ರೋಡಿನ ಮೇಲ್ಮೈ ಬದಲಾದಾಗ ಸದ್ದು ಬದಲಾದ್ರೆ ಅದು ಟೈರೇ. ಟೈರ್ ವಯಸ್ಸೂ ನೋಡಿ, ಪಕ್ಕದಲ್ಲಿ 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು.

ಸ್ಟೇರಿಂಗ್ ಪೂರ್ತಿ ತಿರುಗ್ಸಿ ನಿಧಾನಕ್ಕೆ ಹೋದಾಗ ಟಕ್ ಟಕ್ ಅಂದ್ರೆ ಚಕ್ರಕ್ಕೆ ಎಂಜಿನ್ ಶಕ್ತಿ ಮುಟ್ಟಿಸೋ ಆಕ್ಸಲ್ ಜಾಯಿಂಟ್, ಅದ್ರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚಿಮ್ಮಿರೋದು ಕಣ್ಣಿಗೇ ಕಾಣತ್ತೆ.

ಯಾವ ಸ್ಪೀಡು, ಯಾವ ಗೇರು, ತಣ್ಣಗಿದ್ದಾಗ್ಲೋ ಬಿಸಿ ಆದ್ಮೇಲೋ ಅಂತ ಬರೆದಿಟ್ಕೊಳ್ಳಿ, ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಅದೇ ಸ್ಪೀಡಲ್ಲಿ ಒಂದು ರೌಂಡ್ ಹೋಗಿ ಬನ್ನಿ.